ವ್ಯತ್ಯಾಸ ನಾಲ್ಕು ಸಾವಿರದ ಐನೂರು

ಮಾರ್ಚ್ ಹದಿನೇಳು, ಸೋಮವಾರ. ಪರೀಕ್ಷಾ ಕೊಠಡಿಯಲ್ಲಿ ಅರವತ್ತನಾಲ್ಕು ಮೇಜು, ಅರವತ್ತಮೂರು ಪರೀಕ್ಷಾರ್ಥಿಗಳು, ಇಬ್ಬರು ಮೇಲ್ವಿಚಾರಕರು, ಒಂದು ಗಡಿಯಾರ. ಖಾಲಿ ಉಳಿದ ಮೇಜು ಯಾರದೆಂದು ಯಾರೂ ಕೇಳಲಿಲ್ಲ. ಅದರ ಪಕ್ಕದ ಮೇಜಿನಲ್ಲಿ, ಕಿಟಕಿಯಿಂದ ಮೂರನೆಯ ಸಾಲಿನಲ್ಲಿ, ತೂಕದಕ್ಕ ಎರಡು ಪೆನ್ನು, ಒಂದು ಪೆನ್ಸಿಲು, ಒಂದು ಅಳತೆಪಟ್ಟಿಯನ್ನು ಒಂದರ ಪಕ್ಕ ಒಂದಾಗಿ ಜೋಡಿಸಿಕೊಂಡು ಕುಳಿತಿದ್ದಳು.

ಅವಳಿಗೆ ಮೂವತ್ತೊಂಬತ್ತು ವರ್ಷ. ಆ ಕೊಠಡಿಯಲ್ಲಿ ಅವಳ ನಂತರದ ಹಿರಿಯ ವಿದ್ಯಾರ್ಥಿಗೆ ಇಪ್ಪತ್ತಮೂರು. ಹದಿನೇಳು ವರ್ಷಗಳಿಂದ ಅವಳು ಲಾರಿ ಯಾರ್ಡಿನ ವೇಬ್ರಿಡ್ಜ್ ಪಕ್ಕದ ತಗಡಿನ ಗೂಡಿನಲ್ಲಿ ಕುಳಿತು ಲಾರಿಗಳನ್ನು ತೂಗುತ್ತಿದ್ದಳು. ತುಂಬಿದ ಲಾರಿಯ ತೂಕ ಒಂದು, ಖಾಲಿ ಲಾರಿಯ ತೂಕ ಒಂದು. ಎರಡರ ವ್ಯತ್ಯಾಸವೇ ಸರಕು. ಡ್ರೈವರುಗಳು ಇಟ್ಟ ಹೆಸರು ತೂಕದಕ್ಕ. ಅದು ಹೇಗೋ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತಿ ಬಂದಿತ್ತು.

ಕೆಲಸದಲ್ಲಿರುವವರಿಗೆಂದು ವಿಶ್ವವಿದ್ಯಾಲಯ ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಲೆಕ್ಕಶಾಸ್ತ್ರದ ತರಗತಿ ನಡೆಸುತ್ತಿತ್ತು. ಮೂರು ವರ್ಷ ಅವಳು ಅದಕ್ಕೆ ಹೋದಳು. ಉಳಿದ ಪತ್ರಿಕೆಗಳೆಲ್ಲ ಮುಗಿದಿದ್ದವು. ಇದೊಂದರಲ್ಲಿ ಎರಡು ಸಲ ನಪಾಸಾಗಿದ್ದಳು. ನಿಯಮದ ಪ್ರಕಾರ ಇದು ಮೂರನೆಯ ಮತ್ತು ಕೊನೆಯ ಅವಕಾಶ.

ಕೊನೆಯದೆನ್ನಲು ಇನ್ನೊಂದು ಕಾರಣವೂ ಇತ್ತು. ಮೇ ಒಂದರಿಂದ ಯಾರ್ಡಿಗೆ ಹೊಸ ವೇಬ್ರಿಡ್ಜ್ ಬರುತ್ತಿತ್ತು. ಅದು ತಾನೇ ತೂಗಿ ತಾನೇ ಚೀಟಿ ಮುದ್ರಿಸುತ್ತದೆ, ಗೂಡಿನಲ್ಲಿ ಯಾರೂ ಕೂರಬೇಕಿಲ್ಲ. ಮಾಲೀಕರು ಡಿಸೆಂಬರಿನಲ್ಲೇ ಅವಳನ್ನು ಕರೆದು ಸುತ್ತುಬಳಸದೆ ಹೇಳಿದ್ದರು. ಲೆಕ್ಕದ ಕೋಣೆಯಲ್ಲಿ ಒಂದು ಕುರ್ಚಿ ಖಾಲಿಯಿದೆ. ಏಪ್ರಿಲ್ ಮೂವತ್ತರೊಳಗೆ ಅಂಕಪಟ್ಟಿ ತಂದಿಟ್ಟರೆ ಕುರ್ಚಿ ಅವಳದು, ಇಲ್ಲದಿದ್ದರೆ ಯಾರ್ಡಿನ ಗೇಟಿನಾಚೆಯ ದಾರಿ ಅವಳದು.

ಪ್ರಶ್ನೆಪತ್ರಿಕೆ ಬಂತು. ಮೊದಲ ಪ್ರಶ್ನೆ ಕಡ್ಡಾಯ, ನಲವತ್ತು ಅಂಕ: ಒಬ್ಬ ವ್ಯಾಪಾರಿಯ ತಾಳೆಪಟ್ಟಿ, ಅಂದರೆ ಡೆಬಿಟ್ ಒಂದು ಬದಿ ಕ್ರೆಡಿಟ್ ಒಂದು ಬದಿಯಾಗಿ ಅವನ ಎಲ್ಲ ಖಾತೆಗಳ ಪಟ್ಟಿ, ಕೊಟ್ಟಿದೆ, ಅದರಿಂದ ಲಾಭನಷ್ಟವನ್ನೂ ಆಸ್ತಿ-ಹೊಣೆಗಳ ಪಟ್ಟಿಯನ್ನೂ ತಯಾರಿಸಬೇಕು. ಉಳಿದ ಮೂರು ಪ್ರಶ್ನೆಗಳಿಗೆ ಇಪ್ಪತ್ತಿಪ್ಪತ್ತು. ಪಾಸಾಗಲು ನಲವತ್ತು ಸಾಕು. ಈ ಪತ್ರಿಕೆಯನ್ನು ರಚಿಸಿದವರೂ, ತಿದ್ದುವವರೂ ವಿಭಾಗದ ಮುಖ್ಯಸ್ಥರು. ವಿದ್ಯಾರ್ಥಿಗಳ ಬಾಯಲ್ಲಿ ಅವರು ತಾಳೆ ಮೇಷ್ಟ್ರು. ಆಸ್ತಿಯ ಮೊತ್ತ, ಹೊಣೆಯ ಮೊತ್ತ ಎರಡೂ ತಾಳೆಯಾಗದ ಉತ್ತರಕ್ಕೆ ಅವರು ಕಾಲುಭಾಗಕ್ಕಿಂತ ಹೆಚ್ಚು ಅಂಕ ಕೊಟ್ಟದ್ದು ಅಪರೂಪ. ಮೂರು ಕಾಲಿನ ಕುರ್ಚಿಯ ಮೇಲೆ ತಾವು ಕೂರುವುದಿಲ್ಲವೆಂದು ಅವರು ಪ್ರತಿ ವರ್ಷ ಮೊದಲ ತರಗತಿಯಲ್ಲೇ ಹೇಳುತ್ತಿದ್ದರು.

ಅದಕ್ಕೆ ವಿದ್ಯಾರ್ಥಿಗಳು ಒಂದು ಮದ್ದು ಕಂಡುಕೊಂಡಿದ್ದರು. ಅದರ ಹೆಸರು ತೇಪೆ. ಎರಡು ಮೊತ್ತಗಳ ನಡುವೆ ಎಷ್ಟು ಹರಿದಿದೆಯೋ ಅಷ್ಟು ಬಟ್ಟೆ ಯಾವುದಾದರೊಂದು ಬಾಬಿನಲ್ಲಿ ಸೇರಿಸಿ ಹೊಲಿದುಬಿಡುವುದು. ಮೇಷ್ಟ್ರು ಕೊನೆಯ ಸಾಲನ್ನು ನೋಡಿ ಸರಿ ಗುರುತು ಹಾಕುತ್ತಾರೆ. ನಡುವಿನ ಹೊಲಿಗೆ ನೋಡುವವರಾರು?

ಹನ್ನೊಂದು ಗಂಟೆ ಐದು ನಿಮಿಷಕ್ಕೆ ತೂಕದಕ್ಕನ ಪಟ್ಟಿ ಮುಗಿಯಿತು. ಹೊಣೆ 3,12,400. ಆಸ್ತಿ 3,07,900. ವ್ಯತ್ಯಾಸ 4,500.

ಕಲಿಸಿದ ಕ್ರಮದಲ್ಲೇ ಹುಡುಕಿದಳು. ಮೊದಲು ಅರ್ಧ ಮಾಡಿದಳು: 2,250. ತಪ್ಪು ಬದಿಗೆ ಹೋಗಿರಬಹುದಾದ ಅಂತಹ ಬಾಬು ಯಾವುದೂ ಇರಲಿಲ್ಲ. ಆಮೇಲೆ ಒಂಬತ್ತರಿಂದ ಭಾಗಿಸಿದಳು: 500, ಶೇಷವಿಲ್ಲ. ಒಂಬತ್ತರಿಂದ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಸ್ಥಳ ಬದಲಿಸಿಕೊಂಡಿವೆ ಎಂದು ಅರ್ಥ. ಇಪ್ಪತ್ತೆರಡು ಬಾಬುಗಳನ್ನೂ ಪ್ರಶ್ನೆಪತ್ರಿಕೆಯೊಂದಿಗೆ ಬೆರಳಿಟ್ಟು ಹೋಲಿಸಿದಳು. ಒಂದೂ ಬದಲಾಗಿರಲಿಲ್ಲ. ಇನ್ನೊಮ್ಮೆ ಹೋಲಿಸಿದಳು. ಹನ್ನೊಂದು ನಲವತ್ತು.

ಸುತ್ತಲೂ ಅಳತೆಪಟ್ಟಿಗಳ ಸದ್ದು ಶುರುವಾಯಿತು. ತಾಳೆಯಾದ ಮೊತ್ತದ ಕೆಳಗೆ ಎರಡು ಗೆರೆ ಎಳೆಯುವುದು ಪದ್ಧತಿ. ಮುಂದಿನ ಸಾಲಿನಲ್ಲಿ ಒಂದು, ಹಿಂದೆ ಎರಡು, ಬಾಗಿಲ ಬಳಿ ಮತ್ತೊಂದು. ಒಬ್ಬೊಬ್ಬರೇ ಗೆರೆ ಎಳೆದು ಹಾಳೆ ತಿರುಗಿಸುತ್ತಿದ್ದರು. ಎಲ್ಲರಿಗೂ ಬಂದದ್ದು ತನಗೊಬ್ಬಳಿಗೆ ಬಾರದೆ ಹೋಯಿತೆಂದರೆ ತಪ್ಪು ತನ್ನದೇ ಇರಬೇಕು. ನಗದಿನ ಸಾಲಿನಲ್ಲಿ 12,600 ಎಂದು ಬರೆದಿದ್ದಳು. ಅದನ್ನು 17,100 ಮಾಡಲು ಎಷ್ಟು ಹೊತ್ತು? ಪೆನ್ನನ್ನು ಆ ಸಾಲಿನ ಮೇಲೆ ಒಯ್ದಳು ಕೂಡ.

ಆಗ ಅವಳಿಗೆ ತೋಚಿದ್ದು ಲೆಕ್ಕಶಾಸ್ತ್ರದ್ದಲ್ಲ, ಯಾರ್ಡಿನ ಮಾತು. ತೂಕ ಹೊಂದದಿದ್ದಾಗ ಮೊದಲು ಲಾರಿಯನ್ನು ಸಂಶಯಿಸುತ್ತಾರೆ, ಆಮೇಲೆ ಡ್ರೈವರನ್ನು, ಆಮೇಲೆ ಗುಮಾಸ್ತೆಯನ್ನು. ಕಟ್ಟಕಡೆಗೆ, ಬೇರೆ ದಾರಿಯಿಲ್ಲದೆ, ವೇಬ್ರಿಡ್ಜನ್ನು. ಅವಳು ಪ್ರಶ್ನೆಪತ್ರಿಕೆಯನ್ನೇ ಎದುರಿಗಿಟ್ಟುಕೊಂಡಳು. ತಾಳೆಪಟ್ಟಿಯ ಕೆಳಗೆ ಎರಡೂ ಬದಿ 4,82,600 ಎಂದು ಅಚ್ಚಾಗಿತ್ತು. ಅಚ್ಚಾದ ಮೊತ್ತವನ್ನು ಯಾರೂ ಕೂಡಿ ನೋಡುವುದಿಲ್ಲ. ಅವಳು ಕೂಡಿದಳು. ಕ್ರೆಡಿಟ್ ಬದಿ ಸರಿ. ಡೆಬಿಟ್ ಬದಿ 4,78,100. ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡಿದಳು. ಅದೇ.

ಕೈ ಎತ್ತಿದಳು. ಮೇಲ್ವಿಚಾರಕ ಬೇರೆ ವಿಭಾಗದವನು. ಅವಳು ತೋರಿಸಿದ್ದನ್ನು ಅರ್ಧ ಕೇಳಿ, ಪ್ರಶ್ನೆಪತ್ರಿಕೆಯ ವಿಚಾರದಲ್ಲಿ ತಾನು ಬಾಯಿ ತೆರೆಯುವಂತಿಲ್ಲ, ಇರುವುದಕ್ಕೆ ಉತ್ತರ ಬರೆಯಬೇಕು ಎಂದು ಹೇಳಿ ಹೋದ.

ಅವಳು ಆಸ್ತಿಯ ಬದಿಯಲ್ಲಿ ಕೊನೆಯ ಬಾಬಾಗಿ 'ಅನಾಮತ್ತು ಖಾತೆ 4,500' ಎಂದು ಬರೆದಳು. ಎಲ್ಲಿಗೆ ಸೇರಿದ್ದೆಂದು ತಿಳಿಯದ ಮೊತ್ತವನ್ನು ತಿಳಿಯುವವರೆಗೆ ಇಡುವ ಖಾತೆ ಅದು. ಆದರೆ ಎರಡು ಗೆರೆ ಎಳೆಯಲಿಲ್ಲ. ಕೆಳಗೆ ಪೆನ್ನಿನಲ್ಲಿ ಹೀಗೆ ಬರೆದಳು: 'ಪ್ರಶ್ನೆಪತ್ರಿಕೆಯ ಡೆಬಿಟ್ ಬದಿಯನ್ನು ಕೂಡಿದರೆ 4,78,100 ಬರುತ್ತದೆ, ಅಚ್ಚಾಗಿರುವುದು 4,82,600. ವ್ಯತ್ಯಾಸ ಒಂಬತ್ತರಿಂದ ಭಾಗವಾಗುವುದರಿಂದ ಅಂಕಿಗಳು ಅದಲುಬದಲಾಗಿರಬಹುದು. ಯಾವ ಬಾಬಿನಲ್ಲಿ ಎಂದು ತಿಳಿಯಲಿಲ್ಲ. ಈ ಪಟ್ಟಿ ತಾಳೆಯಾಗಿಲ್ಲ.'

ಆಗ ಹನ್ನೆರಡು ಗಂಟೆ ಹತ್ತು ನಿಮಿಷ. ಮೂರು ಪ್ರಶ್ನೆಗಳಿಗೆ ಉಳಿದದ್ದು ಐವತ್ತು ನಿಮಿಷ. ಮೂರನ್ನೂ ಅರ್ಧರ್ಧ ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಮೊಗಸಾಲೆಯಲ್ಲಿ ಜೋಡಿಜಡೆ ಕಾದು ನಿಂತಿದ್ದಳು. ತರಗತಿಯಲ್ಲಿ ಪಕ್ಕ ಕೂರುತ್ತಿದ್ದ ಹುಡುಗಿ. ಹತ್ತೊಂಬತ್ತರ ವಯಸ್ಸಿಗೂ ಎರಡು ಜಡೆ ಬಿಟ್ಟಿರಲಿಲ್ಲ.

"ತಾಳೆ ಆಯ್ತಾ ಅಕ್ಕ?"

"ಇಲ್ಲ."

"ನನಗೂ ಮೊದಲು ಆಗ್ಲಿಲ್ಲ. ಆ ವ್ಯಾಪಾರಿ ಅಂಗಡಿಗೆ ಒಂದು ಒಳ್ಳೇ ಮೇಜು ಕೊಡಿಸ್ದೆ. ನಾಲ್ಕೂವರೆ ಸಾವಿರದ್ದು. ಆಯ್ತು."

ತೂಕದಕ್ಕ ಪ್ರಶ್ನೆಪತ್ರಿಕೆಯೇ ತಪ್ಪಿದೆಯೆಂದು ಹೇಳಿದಳು. ಜೋಡಿಜಡೆ ನಗಲು ಹೊರಟವಳು ಅವಳ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದಳು.

"ತಪ್ಪಿರಲಿ ಅಕ್ಕ, ಅದನ್ನ ಅವರಿಗೇ ಬರೆದು ತೋರಿಸೋದಾ? ತೂಕದ ಬಟ್ಟನ್ನ ತಲೆಯೊಳಗೇ ಇಟ್ಕೊಂಡು ಪರೀಕ್ಷೆಗೆ ಬರ್ತೀರಲ್ಲ ನೀವು."

ಏಪ್ರಿಲ್ ಇಪ್ಪತ್ತೊಂದರಂದು ಫಲಿತಾಂಶ ಬಂತು. ಮೊದಲ ಪ್ರಶ್ನೆಗೆ ಹನ್ನೊಂದು, ಉಳಿದವಕ್ಕೆ ಒಂಬತ್ತು, ಎಂಟು, ಹತ್ತು. ಒಟ್ಟು ಮೂವತ್ತೆಂಟು. ನಪಾಸು.

ಮನೆಯಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಅತ್ತಿಗೆ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಊರಿನ ಅರ್ಧ ಜನರ ಅಂಗಿಗಳಿಗೆ ಕಾಲರು ಕೂರಿಸುತ್ತಿದ್ದಳು. ಮೂರು ವರ್ಷದ ಶುಲ್ಕ ಇಪ್ಪತ್ತೇಳು ಸಾವಿರವನ್ನು ಅವಳೇ ಕೊಟ್ಟಿದ್ದಳು. ತೂಕದಕ್ಕ ಅದನ್ನು ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟು, ತಿಂಗಳಿಗೆ ಐನೂರರಂತೆ ಹದಿನೆಂಟು ಸಾವಿರ ತೀರಿಸಿದ್ದಳು. ಒಂಬತ್ತು ಸಾವಿರ ಬಾಕಿಯಿತ್ತು. ಅತ್ತಿಗೆ ಆ ಹಾಳೆಯನ್ನು ಒಮ್ಮೆಯೂ ನೋಡಿರಲಿಲ್ಲ. ನೋಡೆಂದು ಚಾಚಿದರೆ ಕನ್ನಡಕ ಸಿಗುತ್ತಿಲ್ಲ ಎನ್ನುತ್ತಿದ್ದಳು, ಕನ್ನಡಕ ಮೂಗಿನ ಮೇಲೆಯೇ ಇರುತ್ತಿತ್ತು.

ಮೂವತ್ತೆಂಟು ಎಂದು ಕೇಳಿ ಅವಳು ಯಂತ್ರದ ಚಕ್ರವನ್ನು ಕೈಯಿಂದ ತಡೆದಳು.

"ಎಷ್ಟು ಕಡಿಮೆ? ಎರಡಾ? ಎರಡು ಗುಂಡಿ ಬಿದ್ದುಹೋಯ್ತು ಅಂತ ಯಾರಾದ್ರೂ ಅಂಗೀನೇ ಬಿಸಾಡ್ತಾರೇನೇ? ಮತ್ತೆ ನೋಡಿ ಅಂತ ಕೇಳೋಕೆ ಏನು ಕಟ್ಟಬೇಕು?"

"ಆರುನೂರು."

ಅತ್ತಿಗೆ ದಾರದುಂಡೆಯ ಡಬ್ಬದಿಂದ ಆರುನೂರು ತೆಗೆದು ಮೇಜಿನ ಮೇಲಿಟ್ಟು ಮತ್ತೆ ಚಕ್ರ ತಿರುಗಿಸಿದಳು. ತೂಕದಕ್ಕ ಹಾಳೆಯಲ್ಲಿ 9,000ದ ಕೆಳಗೆ 600 ಬರೆದಳು.

ಮರುಪರಿಶೀಲನೆಯ ಅರ್ಜಿ ಸಲ್ಲಿಸಿದವರು ಉತ್ತರಪತ್ರಿಕೆ ತಿದ್ದಿದವರನ್ನು ಮುಖಾಮುಖಿ ಕಂಡು ಸಂಶಯ ಕೇಳಬಹುದು ಎಂಬ ನಿಯಮವಿತ್ತು. ತಾಳೆ ಮೇಷ್ಟ್ರ ಕೋಣೆಗೆ ಹಾಗೆ ಹೋದವರು ಕಡಿಮೆ. ಹೋಗಿ ಅಂಕ ತಂದವರು ಯಾರೂ ಇಲ್ಲ. ಏಪ್ರಿಲ್ ಇಪ್ಪತ್ನಾಲ್ಕು, ಗುರುವಾರ, ಮಧ್ಯಾಹ್ನ ಮೂರು ಗಂಟೆಗೆ ಅವಳು ಬಾಗಿಲು ತಟ್ಟಿದಳು. ಮಾಲೀಕರ ಗಡುವಿಗೆ ಆರು ದಿನ ಉಳಿದಿತ್ತು.

ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಯುದ್ದಕ್ಕೂ ದಾರ ಕಟ್ಟಿದ ಕಡತಗಳು. ಮೇಷ್ಟ್ರಿಗೆ ಮುಂದಿನ ತಿಂಗಳು ಮೂವತ್ತೊಂದಕ್ಕೆ ನಿವೃತ್ತಿ. ಕಪಾಟಿನ ಅರ್ಧ ಆಗಲೇ ಖಾಲಿಯಾಗಿತ್ತು. ಅವರು ಅವಳ ಉತ್ತರಪತ್ರಿಕೆಯನ್ನು ತೆಗೆದು ಕೊನೆಯ ಸಾಲಿಗೆ ಬೆರಳಿಟ್ಟರು. ಗೆರೆಯಿಲ್ಲ, ತಾಳೆಯಿಲ್ಲ, ಕಾಲುಭಾಗವೆಂದರೆ ಹತ್ತು, ಕೈಬರಹ ಚೆನ್ನಾಗಿದೆಯೆಂದು ಮೇಲೊಂದು. ಇದರಲ್ಲಿ ಸಂಶಯವೇನು ಎಂದು ಕೇಳಿದರು.

"ಕೆಳಗೆ ಬರೆದಿದ್ದೀನಿ ಸಾರ್."

ಕೆಳಗೆ ಬರೆದದ್ದರ ಮೇಲೆ ಕೆಂಪು ಗೆರೆ ಅಡ್ಡಲಾಗಿ ಬಿದ್ದಿತ್ತು. ಅವರು ಆ ಗೆರೆಯ ಅಡಿಯಲ್ಲಿ ಓದಿದರು. ಹುಬ್ಬು ಗಂಟಿಕ್ಕಿತು. ಪ್ರಶ್ನೆಪತ್ರಿಕೆಯನ್ನು ತೆಗೆದು, ಡೆಬಿಟ್ ಬದಿಯನ್ನು ಮೇಲಿನಿಂದ ಕೆಳಕ್ಕೆ ಕೂಡಿದರು. ತುಟಿಗಳು ಮಾತ್ರ ಚಲಿಸುತ್ತಿದ್ದವು. ಬಳಿಕ, ತಾವೇ ಕಲಿಸಿದಂತೆ, ಕೆಳಗಿನಿಂದ ಮೇಲಕ್ಕೆ ಕೂಡಿದರು. ಹೊರಗೆ ಯಾರೋ ಬಕೆಟ್ಟು ಎಳೆದುಕೊಂಡು ಹೋದರು. ಆ ಸದ್ದು ಮೊಗಸಾಲೆಯ ತುದಿ ಮುಟ್ಟಿ ನಿಲ್ಲುವವರೆಗೆ ಮೇಷ್ಟ್ರು ತಲೆ ಎತ್ತಲಿಲ್ಲ.

ಎದ್ದುಹೋಗಿ ಒಂದು ಕಡತ ಬಿಚ್ಚಿದರು. ಅದರಲ್ಲಿ ಅವರ ಕೈಬರಹದ ಮೂಲ ಪ್ರತಿ ಇತ್ತು: ಋಣಿಗಳು, ಅಂದರೆ ವ್ಯಾಪಾರಿಗೆ ಬಾಕಿ ಕೊಡಬೇಕಾದ ಗಿರಾಕಿಗಳು, 38,300. ಅಚ್ಚಿನಲ್ಲಿ 33,800. ಅಚ್ಚಿಗೆ ಮುಂಚಿನ ಕರಡೂ ಇತ್ತು. ಅದರ ಕೊನೆಯ ಸಾಲಿನ ಪಕ್ಕ ಕೆಂಪು ಸರಿ ಗುರುತು, ಕೆಳಗೆ ಅವರದೇ ಸಹಿ. ಕರಡಿನಲ್ಲೂ ಅವರು ಕೊನೆಯ ಸಾಲನ್ನು ಮಾತ್ರ ನೋಡಿದ್ದರು.

"ಕೂತ್ಕೊಳ್ಳಿ," ಎಂದರು. ಅಷ್ಟು ಹೊತ್ತು ಅವಳು ನಿಂತೇ ಇದ್ದಳು.

ಅವರು ಪೂರ್ತಿ ಕಟ್ಟನ್ನು ಎದುರಿಗೆಳೆದುಕೊಂಡರು. ಹೆಸರಿಲ್ಲದ, ಸಂಖ್ಯೆ ಮಾತ್ರ ಇರುವ ಅರವತ್ತಮೂರು ಉತ್ತರಪತ್ರಿಕೆಗಳು. ಒಂದೊಂದನ್ನೂ ತೆರೆದು ಮೊದಲ ಪ್ರಶ್ನೆಯ ನಡುವಿನ ಸಾಲುಗಳನ್ನು ನೋಡತೊಡಗಿದರು. ಪಕ್ಕದಲ್ಲಿ ಒಂದು ಚೀಟಿಯ ಮೇಲೆ ಗೀಟು ಹಾಕುತ್ತ ಹೋದರು. ನಲವತ್ತು ನಿಮಿಷ ಹಿಡಿಯಿತು. ಅವಳು ಕೈಕಟ್ಟಿ ಕುಳಿತಿದ್ದಳು. ಕೆಮ್ಮು ಬಂದರೂ ನುಂಗಿದಳು.

"ಅಪೂರ್ಣ ಬಿಟ್ಟವರು ನಾಲ್ಕು," ಎಂದರು ಕೊನೆಗೆ, ಯಾರಿಗೋ ವರದಿ ಒಪ್ಪಿಸುವವರ ದನಿಯಲ್ಲಿ. "ಇಲ್ಲದ ಹಣ ತಂದು ನಗದಿಗೆ ಸೇರಿಸಿದವರು ಇಪ್ಪತ್ತೊಂದು. ಮಾಲೀಕ ಮನೆಗೆ ತಗೊಂಡು ಹೋದ ಅಂತ ಬರೆದವರು ಹತ್ತೊಂಬತ್ತು. ಮೇಜು ಕುರ್ಚಿ ಬೆಲೆ ಏರಿಸಿದವರು ಹದಿನೆಂಟು. ಒಟ್ಟು ಐವತ್ತೆಂಟು ಜನ, ತಾಳೆಯಾಗಲಾರದ್ದನ್ನ ತಾಳೆ ಮಾಡಿದ್ದಾರೆ. ಐವತ್ತೆಂಟಕ್ಕೂ ನಾನು ಸರಿ ಅಂತ ಹಾಕಿದ್ದೀನಿ."

ಜೋಡಿಜಡೆಯ ಮೇಜು ಆ ಹದಿನೆಂಟರಲ್ಲಿ ಒಂದೆಂದು ತೂಕದಕ್ಕನಿಗೆ ಗೊತ್ತಿತ್ತು.

ಅಂಕಪಟ್ಟಿ ಯಾವಾಗ ಬೇಕೆಂದು ಮೇಷ್ಟ್ರು ಕೇಳಿದರು. ಅವಳು ಯಾರ್ಡಿನ ವಿಷಯವನ್ನೂ, ಮೂವತ್ತನೇ ತಾರೀಖನ್ನೂ ಹೇಳಿದಳು. ಅವರು ಖಾನೆಯಿಂದ ಎರಡು ನಮೂನೆಗಳನ್ನು ತೆಗೆದು ಅವಳ ಮುಂದೆ ಅಕ್ಕಪಕ್ಕ ಇಟ್ಟರು. ಒಂದರ ತಲೆಬರಹ 'ಪ್ರಶ್ನೆಪತ್ರಿಕೆಯ ದೋಷ'. ಅದು ಪರೀಕ್ಷಾ ಮಂಡಳಿಯ ಮುಂದೆ ಹೋಗಬೇಕು. ಮಂಡಳಿ ಸೇರುವುದು ಮೇ ಹನ್ನೆರಡಕ್ಕೆ. ಇನ್ನೊಂದು 'ಅಂಕ ಕೂಡುವಲ್ಲಿನ ತಪ್ಪು'. ಅದಕ್ಕೆ ಅವರೊಬ್ಬರ ಸಹಿ ಸಾಕು, ನಾಳೆ ಸಂಜೆಯೊಳಗೆ ಅಂಕಪಟ್ಟಿ ಕೈಗೆ ಬರುತ್ತದೆ. ಮೂವತ್ತೆಂಟನ್ನು ಐವತ್ತೆಂಟು ಎಂದು ತಿದ್ದಿದರಾಯಿತು. ಅವಳ ಉತ್ತರಕ್ಕೆ ಅಷ್ಟು ಸಲ್ಲಲೂ ಬೇಕು.

"ನಿಮಗೆ ಅನ್ಯಾಯ ಆಗೋದಿಲ್ಲ. ಬೇರೆಯವರಿಗೂ ತೊಂದರೆ ಇಲ್ಲ," ಎಂದರು. ತಮಗೂ ತೊಂದರೆಯಿಲ್ಲವೆಂದು ಅವರು ಹೇಳಲಿಲ್ಲ. ಮೂವತ್ತಾರು ವರ್ಷದ ಸೇವೆಯ ಕೊನೆಯ ವಾರಗಳಲ್ಲಿದ್ದ ಆ ಮನುಷ್ಯ ಇದನ್ನು ಅವಳಿಗಾಗಿ ಮಾಡಿದರೋ, ತಮಗಾಗಿ ಮಾಡಿದರೋ. ಆ ಎರಡು ಬಾಬುಗಳನ್ನು ಬೇರ್ಪಡಿಸಿ ಬರೆಯುವುದು ಬಹುಶಃ ಅವರಿಂದಲೂ ಆಗುತ್ತಿರಲಿಲ್ಲ.

ತೂಕದಕ್ಕ ಯೋಚಿಸಲು ಹೊತ್ತು ತೆಗೆದುಕೊಳ್ಳಲಿಲ್ಲ. ಎರಡನೆಯ ನಮೂನೆಯತ್ತ ಬೆರಳು ತೋರಿಸಿದಳು. ತನಗೆ ಕುರ್ಚಿ ಬೇಕು, ಮಂಡಳಿಯಲ್ಲ.

ಮೇಷ್ಟ್ರು ತುಂಬಿದರು. ಮೊದಲು ಕೂಡಿದ ಮೊತ್ತ 38. ಸರಿಯಾದ ಮೊತ್ತ 58. ಕೆಳಗೆ ಎರಡು ಸಹಿಯ ಜಾಗ: ಒಂದು ಪರೀಕ್ಷಕರದು, ಇನ್ನೊಂದು 'ಕೂಡಿ ನೋಡಿ ಒಪ್ಪಿದ್ದೇನೆ' ಎಂದು ವಿದ್ಯಾರ್ಥಿಯದು. ಮೊದಲು ಅವಳು ಹಾಕಲಿ ಎಂದು ಅವಳತ್ತ ತಳ್ಳಿದರು.

ಅವಳು ಪೆನ್ನು ಹಿಡಿದಳು. ಹಿಡಿದ ಕೈ ಸಹಿಯ ಜಾಗಕ್ಕೆ ಹೋಗುವ ಬದಲು ಅಂಕಗಳ ಸಾಲಿನ ಮೇಲಿನಿಂದ ಇಳಿಯತೊಡಗಿತು. ಹದಿನೇಳು ವರ್ಷ ಕೂಡಿ ನೋಡದೆ ಯಾವ ಚೀಟಿಗೂ ಸಹಿ ಹಾಕಿರದ ಕೈ ಅದು. ಹನ್ನೊಂದು, ಒಂಬತ್ತು, ಇಪ್ಪತ್ತು. ಎಂಟು, ಇಪ್ಪತ್ತೆಂಟು. ಹತ್ತು. ಪೆನ್ನು ನಿಂತಿತು. ಕೆಳಗಿನಿಂದ ಮೇಲಕ್ಕೆ ಹೋಯಿತು. ಮತ್ತೆ ನಿಂತಿತು. ಬಲವಂತವಾಗಿ ಕೆಳಗಿಳಿಸಿ ತನ್ನ ಹೆಸರಿನ ಮೊದಲ ಅಕ್ಷರದ ಗೆರೆಯನ್ನು ಎಳೆದಳು. ಮುಂದೆ ಹೋಗಲಿಲ್ಲ. ಕಣ್ಣ ಮುಂದೆ ಲೆಕ್ಕದ ಕೋಣೆಯ ಖಾಲಿ ಕುರ್ಚಿ ಬಂತು, ಅತ್ತಿಗೆಯ ದಾರದುಂಡೆಯ ಡಬ್ಬ ಬಂತು. ತನ್ನ ಕೈಯ ಮೇಲೆ ತನಗೇ ಸಿಟ್ಟು ಬಂತು.

"ಸಾರ್, ಮೂವತ್ತೆಂಟೇ ಬರತ್ತೆ."

"ಗೊತ್ತು."

"ಕೂಡಿದ್ದು ತಪ್ಪಿಲ್ಲ ಸಾರ್. ಕೊಟ್ಟಿದ್ದು ತಪ್ಪು."

ಮೇಷ್ಟ್ರು ಬಹಳ ಹೊತ್ತು ಆ ಅರ್ಧ ಅಕ್ಷರವನ್ನು ನೋಡಿದರು. ಬಳಿಕ ನಮೂನೆಯನ್ನು ಅವಳ ಕೈಯಿಂದ ತೆಗೆದುಕೊಂಡು, ಅಳತೆಪಟ್ಟಿ ಇಟ್ಟು, ನೇರವಾಗಿ ನಾಲ್ಕು ತುಂಡು ಮಾಡಿದರು. ಇನ್ನೊಂದು ನಮೂನೆಯನ್ನು ತುಂಬಲು ಎರಡು ನಿಮಿಷ ಸಾಕಾಯಿತು. ದೋಷಕ್ಕೆ ಹೊಣೆ ಯಾರು ಎಂಬ ಕಡೆ ತಮ್ಮ ಹೆಸರು, ಹುದ್ದೆ ಬರೆದರು. ಆಮೇಲೆ, ಅವಳು ಕೇಳದಿದ್ದರೂ, ವಿಭಾಗದ ಮೊಹರಿನ ಹಾಳೆಯಲ್ಲಿ ಮೂರು ವಾಕ್ಯದ ಪತ್ರ ಬರೆದುಕೊಟ್ಟರು: ಈ ವಿದ್ಯಾರ್ಥಿನಿಯ ಫಲಿತಾಂಶ ಮೇ ಹನ್ನೆರಡರ ಮಂಡಳಿಯ ತೀರ್ಮಾನಕ್ಕೆ ಒಳಪಟ್ಟಿದೆ, ಅರವತ್ತಮೂರು ಜನರಲ್ಲಿ ದೋಷವನ್ನು ಗುರುತಿಸಿ ಬರೆದವರು ಇವರೊಬ್ಬರೇ, ದೋಷ ನನ್ನದು.

ಮೂವತ್ತನೇ ತಾರೀಖು ಬೆಳಿಗ್ಗೆ ಅವಳು ಆ ಪತ್ರವನ್ನು ಮಾಲೀಕರ ಮೇಜಿನ ಮೇಲಿಟ್ಟಳು. ಹೊರಗೆ ಕೆಲಸಗಾರರು ಹಳೆಯ ತೂಕದ ಹಲಗೆಗಳನ್ನು ಕಿತ್ತು ಎಳೆಯುತ್ತಿದ್ದರು. ಕಬ್ಬಿಣ ಕಬ್ಬಿಣಕ್ಕೆ ತಾಗಿದಾಗಲೆಲ್ಲ ಮಾಲೀಕರ ಚಹಾದ ಲೋಟ ತಟ್ಟೆಯ ಮೇಲೆ ನಡುಗುತ್ತಿತ್ತು. ಅವರು ಪತ್ರವನ್ನು ಎರಡು ಸಲ ಓದಿದರು.

"ಇದು ಅಂಕಪಟ್ಟಿ ಅಲ್ಲ."

"ಅಲ್ಲ."

ನಡೆದದ್ದೇನೆಂದು ಕೇಳಿದರು. ಅವಳು ಹೇಳಿದಳು. ಎರಡು ನಮೂನೆಗಳ ವಿಷಯವನ್ನು ಮಾತ್ರ ಹೇಳಲಿಲ್ಲ. ಅದು ಮೇಷ್ಟ್ರ ಕೋಣೆಯದು.

"ಅಂದ್ರೆ ಐವತ್ತೆಂಟು ಜನರ ಕೈಲಿ ಆಗಿದ್ದು ನಿನ್ನೊಬ್ಬಳ ಕೈಲಿ ಆಗ್ಲಿಲ್ಲ. ಇದನ್ನ ಇಟ್ಕೊಂಡು ನಾನು ನಿನಗೆ ಲೆಕ್ಕದ ಕುರ್ಚಿ ಕೊಡಬೇಕು."

"ಹೌದು."

ಮಾಲೀಕರು ಪತ್ರವನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಲೆಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಳೆದ ವರ್ಷದ ಲೆಕ್ಕ, ಎಲ್ಲ ವರ್ಷಗಳಂತೆ, ಪೈಸೆಗೆ ಪೈಸೆ ತಾಳೆಯಾಗಿ ಕಪಾಟಿನಲ್ಲಿ ಕುಳಿತಿತ್ತು. ಅವರು ಆ ಬಾಗಿಲನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು.

"ನೋಡಮ್ಮ, ಹನ್ನೆರಡನೇ ತಾರೀಖಿನ ತನಕ ದಿನಗೂಲಿ. ಹೋದ ವರ್ಷದ ತೂಕದ ಚೀಟಿ ಅಷ್ಟನ್ನೂ ಬಿಲ್ಲಿನ ಜೊತೆ ಹೋಲಿಸ್ತಾ ಕೂತಿರು. ಹದಿಮೂರಕ್ಕೆ ಅಂಕಪಟ್ಟಿ ಬರದಿದ್ರೆ ನೀನು ನನ್ನ ಕೇಳೋದು ಬೇಡ, ನಾನು ನಿನಗೆ ಹೇಳೋದೂ ಬೇಡ."

ಚೀಟಿಗಳು 4,312 ಇದ್ದವು. ಹನ್ನೆರಡು ದಿನದಲ್ಲಿ ಅವಳು 2,960ನ್ನು ಹೋಲಿಸಿದಳು. ಬಿಲ್ಲಿನೊಂದಿಗೆ ಹೊಂದದವು ನೂರಾ ನಾಲ್ಕು; ಅವನ್ನು ಬೇರೆ ದಾರದಿಂದ ಕಟ್ಟಿಟ್ಟಳು. ಆ ಹನ್ನೆರಡು ದಿನವೂ ಅವಳು ಲೆಕ್ಕದ ಕೋಣೆಯ ಕುರ್ಚಿಯಲ್ಲಿ ಕೂರಲಿಲ್ಲ, ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದುಕೊಂಡಳು. ಮಾಲೀಕರು ಪ್ರತಿದಿನ ಸಂಜೆ ಬಾಗಿಲಲ್ಲಿ ನಿಂತು, ಕಟ್ಟು ಎಷ್ಟು ದಪ್ಪವಾಯಿತೆಂದು ನೋಡಿ, ಮಾತಾಡದೆ ಹೋಗುತ್ತಿದ್ದರು.

ಮಂಡಳಿ ಸೇರಿತು. ಯಾರು ತೇಪೆ ಹಾಕಿದರು, ಯಾರು ಹಾಕಲಿಲ್ಲ ಎಂದು ವಿಚಾರಿಸುವ ಗೋಜಿಗೆ ಅದು ಹೋಗಲಿಲ್ಲ. ದೋಷ ಪ್ರಶ್ನೆಪತ್ರಿಕೆಯದಾದ್ದರಿಂದ, ಮೊದಲ ಪ್ರಶ್ನೆಯನ್ನು ಮುಟ್ಟಿದ ಅರವತ್ತಮೂರು ಜನರಿಗೂ ಪೂರ್ತಿ ನಲವತ್ತು ಅಂಕ ಎಂದು ಗೊತ್ತುವಳಿ ಮಾಡಿ ಎದ್ದಿತು. ಮೂವತ್ತೆಂಟರಲ್ಲಿ ಹನ್ನೊಂದು ಕಳೆದು ನಲವತ್ತು ಕೂಡಿದರೆ ಅರವತ್ತೇಳು. ಹದಿಮೂರರಂದು ಮಧ್ಯಾಹ್ನ ಅವಳು ಪರೀಕ್ಷಾ ವಿಭಾಗದ ಕಿಟಕಿಯಲ್ಲಿ ಅಂಕಪಟ್ಟಿ ಪಡೆದಳು. ಸಾಲಿನಲ್ಲಿ ಹಿಂದೆ ನಿಂತಿದ್ದ ಜೋಡಿಜಡೆಗೆ ಎಂಬತ್ತೊಂದು.

"ನೀವು ತಪ್ಪು ಹಿಡಿದ್ರಿ, ನನಗೆ ನಿಮಗಿಂತ ಹದಿನಾಲ್ಕು ಹೆಚ್ಚು ಬಂತು," ಎಂದಳು ಹುಡುಗಿ. ನಗಲಿಲ್ಲ. ಸ್ವಲ್ಪ ತಡೆದು, "ಆ ಮೇಜು ವಾಪಸ್ ಕೊಟ್ಟುಬಿಡೋಣ ಅನ್ಸತ್ತೆ ಅಕ್ಕ, ಆದ್ರೆ ತಗೊಳ್ಳೋರು ಯಾರು?" ಎಂದಳು.

ತೂಕದಕ್ಕ ಕಿಟಕಿಯ ಗುಮಾಸ್ತನನ್ನು ಮರುಪರಿಶೀಲನೆಯ ಆರುನೂರರ ಬಗ್ಗೆ ಕೇಳಿದಳು. ಅರ್ಜಿದಾರರ ಪರವಾಗಿ ತೀರ್ಪಾದರೆ ಶುಲ್ಕ ಹಿಂತಿರುಗಿಸಬೇಕೆಂದು ಅರ್ಜಿಯ ಬೆನ್ನಿಗೇ ಅಚ್ಚಾಗಿತ್ತು. ಗುಮಾಸ್ತ ಪುಸ್ತಕ ತೆರೆದು ನೋಡಿದ. ಹಿಂತಿರುಗಿಸುವ ಕಾಲಮ್ಮಿನಲ್ಲಿ ಇದ್ದ ಕಾರಣ ಒಂದೇ: ಅಂಕ ಕೂಡುವಲ್ಲಿನ ತಪ್ಪು. ಪ್ರಶ್ನೆಪತ್ರಿಕೆಯ ದೋಷಕ್ಕೆ ಕಾಲಮ್ಮೇ ಇರಲಿಲ್ಲ. ಕಾಲಮ್ಮಿಲ್ಲದೆ ತಾನು ಹಣ ಕೊಟ್ಟರೆ ತನ್ನ ಲೆಕ್ಕ ತಾಳೆಯಾಗುವುದಿಲ್ಲವೆಂದು ಅವನು ನಯವಾಗಿಯೇ ತಿಳಿಸಿದ.

ಅಂದೇ ಸಂಜೆ ಮಾಲೀಕರು ಅಂಕಪಟ್ಟಿಯ ಮೇಲೆ ಕಣ್ಣಾಡಿಸಿ, ಅದಕ್ಕಿಂತ ಹೆಚ್ಚು ಹೊತ್ತು ನೂರಾ ನಾಲ್ಕು ಚೀಟಿಗಳ ಕಟ್ಟನ್ನು ತಿರುವಿಹಾಕಿ, ಸ್ಟೂಲನ್ನು ಕಾಲಿನಿಂದ ಗೋಡೆಯತ್ತ ಸರಿಸಿದರು. ಕುರ್ಚಿಯಲ್ಲಿ ಕೂರಲು ಹೇಳಿದ್ದು ಅಷ್ಟೇ.

ಮೇ ಮೂವತ್ತೊಂದು, ಶನಿವಾರ, ಅವಳು ಮೇಷ್ಟ್ರನ್ನು ಕಾಣಲು ಹೋದಳು. ಕಪಾಟು ಪೂರ್ತಿ ಖಾಲಿ. ಮೇಜಿನ ಮೇಲೆ ಒಂದು ಚೀಲ, ಒಂದು ಕೆಂಪು ಪೆನ್ನು, ಒಂದು ಲಕೋಟೆ. ಬೀಳ್ಕೊಡುಗೆಯ ಸಭೆಯಲ್ಲಿ ಮಂಡಳಿಯವರು ಯಾರೂ ಮಾತಾಡಲಿಲ್ಲವೆಂದು ಮೊಗಸಾಲೆಯಲ್ಲಿ ಕೇಳಿಬಂದಿತ್ತು. ಅವರು ಆ ವಿಷಯ ಎತ್ತಲಿಲ್ಲ. ಲಕೋಟೆಯನ್ನು ಅವಳತ್ತ ತಳ್ಳಿದರು. ಶುಲ್ಕ ಹಿಂತಿರುಗದ ಸುದ್ದಿ ಅವರಿಗೂ ಮುಟ್ಟಿತ್ತು; ಒಳಗೆ ಆರುನೂರು ಇತ್ತು.

ಅವಳು ಎಣಿಸಿದಳು. ಎಣಿಸಿ, ಮತ್ತೆ ಲಕೋಟೆಯೊಳಗಿಟ್ಟು, ಅವರತ್ತ ತಿರುಗಿಸಿಟ್ಟಳು.

"ಇದು ನಿಮ್ಮ ಬಾಕಿ ಅಲ್ಲ ಸಾರ್."

"ತಪ್ಪು ನನ್ನದು."

"ತಪ್ಪು ನಿಮ್ಮದು. ಶುಲ್ಕ ತಗೊಂಡಿದ್ದು ವಿಶ್ವವಿದ್ಯಾಲಯ. ಮೊದಲನೇ ದಿನ ನೀವೇ ಬೋರ್ಡ್ ಮೇಲೆ ಬರೆದಿದ್ರಿ: ಸಂಸ್ಥೆ ಬೇರೆ, ಮನುಷ್ಯ ಬೇರೆ; ಒಂದರ ಸಾಲ ಇನ್ನೊಂದರ ಪುಸ್ತಕಕ್ಕೆ ಬರಬಾರದು ಅಂತ."

ಮೇಷ್ಟ್ರು ಲಕೋಟೆಯನ್ನು ನೋಡಿದರು, ಅವಳನ್ನು ನೋಡಿದರು. ಲಕೋಟೆ ಚೀಲಕ್ಕೆ ಹೋಯಿತು. ಕೆಂಪು ಪೆನ್ನನ್ನು ಮೇಜಿನ ಮೇಲೆಯೇ ಬಿಟ್ಟು ಎದ್ದರು. ಬಾಗಿಲ ಬಳಿ ನಿಂತು, ಹಾಗಾದರೆ ಆ ಆರುನೂರನ್ನು ಅವಳು ಯಾವ ಖಾತೆಗೆ ಬರೆಯುತ್ತಾಳೆಂದು ಕೇಳಿದರು, ಅನಾಮತ್ತಿಗೋ?

"ಯಾರಿಂದ ಬರಬೇಕು ಅಂತ ಗೊತ್ತಿರೋದು ಅನಾಮತ್ತಲ್ಲ ಸಾರ್."

ಅವರು ತಲೆಯಾಡಿಸಿದರು. ಮೂರು ವರ್ಷದಲ್ಲಿ ಅವಳ ಉತ್ತರವೊಂದಕ್ಕೆ ಅವರಿಂದ ಪೂರ್ತಿ ಅಂಕ ಬಂದದ್ದು ಅದೊಂದೇ ಸಲ.

ಜೂನ್ ಒಂದರಂದು ಕೈಗೆ ಬಂದ ಸಂಬಳದಲ್ಲಿ ಸಾವಿರದ ಆರುನೂರನ್ನು ಅವಳು ದಾರದುಂಡೆಯ ಡಬ್ಬಕ್ಕೆ ಹಾಕಿದಳು. ಅತ್ತಿಗೆಗೆ ಅಂದೂ ಕನ್ನಡಕ ಸಿಗಲಿಲ್ಲ. ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಯಲ್ಲಿ ಕೊಡಬೇಕಾದ ಬಾಕಿ ಎಂಟು ಸಾವಿರಕ್ಕೆ ಇಳಿಯಿತು. ಎದುರಿನ ಪುಟ ಅಲ್ಲಿಯವರೆಗೆ ಖಾಲಿಯಿತ್ತು. ಅದರ ಮೇಲೆ ತೂಕದಕ್ಕ ಅಳತೆಪಟ್ಟಿಯಿಟ್ಟು ಗೆರೆ ಹಾಕಿ ಬರೆದಳು: ಬರಬೇಕಾದದ್ದು, ವಿಶ್ವವಿದ್ಯಾಲಯದಿಂದ, 600.